ಯಂತ್ರ ಬದಲಾದರೆ ಬರಹವೂ ಬದಲಾಗಲಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿಯ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂದಿತು. ಬೇರೆಡೆಯ ಶಾಸನಗಳು ‘ದೇವಾನಾಂಪ್ರಿಯ’ ಎಂದು ಕರೆದ ದೊರೆ ಅಶೋಕನೇ ಎಂಬುದನ್ನು ಅದು ದೃಢಪಡಿಸಿತು. ಸರಿಯಾಗಿ ಬರೆದಿಟ್ಟ ಒಂದು ಹೆಸರಿನ ಬೆಲೆ ಅಷ್ಟು!

ಕಲ್ಲಿನ ಬರಹವನ್ನು ತಿದ್ದಬೇಕಾಗಿಲ್ಲ. ಯಂತ್ರದ ಬರಹವನ್ನು ಮಾತ್ರ ತಿದ್ದುತ್ತಲೇ ಇರಬೇಕು. ಗಣಕಯಂತ್ರದ ಉಪಕರಣಗಳಿಂದ ಕೆಲಸ ಮಾಡಿಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಕ್ಯಾಮೆರಾ, ಧ್ವನಿವರ್ಧಕ ಮುಂತಾದ ಉಪಕರಣಗಳ ವಿವರಣೆಯೂ ಅದರೊಡನೆಯೇ ಇರುತ್ತದೆ. ತಂತ್ರಾಂಶವನ್ನು ತಿದ್ದಿದವರು ವಿವರಣೆಯನ್ನೂ ತಿದ್ದಿ ಒಟ್ಟಿಗೇ ಕಳುಹಿಸಬೇಕೆಂಬುದು ಅಲ್ಲಿಯ ಪದ್ಧತಿ. ಕೆಲವು ವಿವರಗಳನ್ನು ಗಣಕವೇ ತಾಳೆ ನೋಡುತ್ತದೆ. ಅರ್ಥ ಸರಿಯೇ ಎಂದು ನೋಡಲು ಮನುಷ್ಯನೇ ಬೇಕು.

ಶ್ರೋತೃಗಳೇ, ಬರಹವೇ ಇಲ್ಲದಿದ್ದರೆ ನಾವು ನಾಲ್ಕು ಜನರನ್ನು ವಿಚಾರಿಸುತ್ತೇವೆ. ಹಳೆಯ ಬರಹವಿದ್ದರೆ ನಂಬಿ ಕೆಡುತ್ತೇವೆ. ನಿಮ್ಮ ಮನೆಯ ಮೀಟರ್ ಹಲಗೆಯನ್ನೇ ನೋಡಿ. ಯಾವ ಫ್ಯೂಜು ಯಾವ ಕೋಣೆಯದೆಂದು ಚೀಟಿ ಅಂಟಿಸಿರುತ್ತೀರಿ. ವೈರಿಂಗ್ ಬದಲಾಯಿಸಿ ಚೀಟಿಯನ್ನು ಹಾಗೆಯೇ ಬಿಟ್ಟರೆ, ಅದನ್ನು ನಂಬಿದವನು ಕರೆಂಟಿರುವ ತಂತಿಗೇ ಕೈಯಿಟ್ಟಾನು. ತಂತಿ ಬದಲಾದ ದಿನವೇ ಚೀಟಿಯೂ ಬದಲಾಗಲಿ.