ಮನೆಪತ್ರ ಅಡವಿಡುವ ಮೊದಲು

ಹದಿನೇಳನೇ ವಯಸ್ಸಿಗೆ ನಿಮ್ಮ ಬಾಳಿನ ದಾರಿಯನ್ನು ಗೊತ್ತುಮಾಡಿದವರು ಯಾರು? ನೀವೇನಾ? ಸಿಇಟಿ ರ‍್ಯಾಂಕ್ ಬಂತು, ಆಪ್ಷನ್ ಎಂಟ್ರಿಯಲ್ಲಿ ಸೋದರಮಾವ ಹೇಳಿದ ಕಾಲೇಜುಗಳನ್ನು ಸಾಲಾಗಿ ತುಂಬಿದಿರಿ, ಎರಡನೇ ಸುತ್ತಿನಲ್ಲಿ ಸಿವಿಲ್ಲೋ ಮೆಕ್ಯಾನಿಕಲ್ಲೋ ಸಿಕ್ಕಿತು, ಸಿಕ್ಕಿದ್ದನ್ನು ಓದಿದಿರಿ. ಈಗ ಹಾಸ್ಟೆಲಿನ ತಾರಸಿಯ ಮೇಲೆ ಕೂತ ಒಬ್ಬಳಿಗೆ ಕಾಂಕ್ರೀಟಿಗಿಂತ ನದಿಯ ಮೇಲೆ ಮನಸ್ಸು. ಅಲ್ಲೇ ಪಕ್ಕದಲ್ಲಿ ಕೂತವನಿಗೆ ಕೋಡ್ ಬರೆಯುವುದಕ್ಕಿಂತ ಅಜ್ಜಿ ಆಡುವ ಅರೆಭಾಷೆಯ ವ್ಯಾಕರಣದ ಹುಚ್ಚು. ಆದರೆ ಇಬ್ಬರ ಮನೆಯಲ್ಲೂ ಕೇಳುವುದು ಅವೇ ಎರಡು ಮಾತು: ‘ನಾಲ್ಕು ವರ್ಷ ಓದಿದ್ದು ದಂಡವಾಗಲ್ವಾ?’, ‘ಹೊರದೇಶ ಅಂದ್ರೆ ದುಡ್ಡು ಎಲ್ಲಿಂದ ತರೋದು?’

ಈ ಎರಡು ಮಾತುಗಳನ್ನೂ ದಾಟಿ ಹೋದವರು ನಮ್ಮ ಮೈಸೂರಿನಲ್ಲೇ ಇದ್ದರು.

ಗಣಿತದ ಪ್ರೊಫೆಸರರೊಬ್ಬರ ಮಗ ಕಾಲೇಜಿಗೆ ಸೇರಿದ್ದು ವಿಜ್ಞಾನಕ್ಕೆ. ಅಪ್ಪನೇ ಅದನ್ನು ಬಿಡಿಸಿ ಇಂಗ್ಲಿಷ್ ಸಾಹಿತ್ಯಕ್ಕೆ ಸೇರುವಂತೆ ಮಾಡಿದರು. (ಅಂಥ ಅಪ್ಪ ಇವತ್ತು ಎಷ್ಟು ಮನೆಗಳಲ್ಲಿ ಸಿಕ್ಕಾರು?) ಹುಡುಗ ಎಂ.ಎ. ಮುಗಿಸಿ ಬೆಳಗಾವಿಯಲ್ಲಿ, ಬರೋಡದಲ್ಲಿ ಇಂಗ್ಲಿಷ್ ಪಾಠ ಹೇಳಿದ. ಸಂಬಳವಿತ್ತು, ಮರ್ಯಾದೆಯಿತ್ತು. ಸಾಕಾಗಲಿಲ್ಲ. ಭಾಷೆ ಒಳಗಿಂದ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲ ಹಿಡಿದು 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದ. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದ. 1963ರಲ್ಲಿ ಭಾಷಾವಿಜ್ಞಾನದಲ್ಲೇ ಪಿಎಚ್‌ಡಿ. ಹತ್ತು ವರ್ಷ ಕಳೆದು, 1973ರಲ್ಲಿ, ನಮ್ಮ ವಚನಗಳು ‘ಸ್ಪೀಕಿಂಗ್ ಆಫ್ ಶಿವ’ ಆಗಿ ಲೋಕದ ಕೈಸೇರಿದವು. ಅವರೇ ಎ.ಕೆ. ರಾಮಾನುಜನ್. ಇಂಗ್ಲಿಷ್ ಓದಿದ್ದು ದಂಡವಾಯಿತೇ? ಆ ಇಂಗ್ಲಿಷ್ ಇಲ್ಲದಿದ್ದರೆ ಅಲ್ಲಮ, ಅಕ್ಕ ಕಡಲು ದಾಟುವುದು ಇನ್ನೆಷ್ಟು ತಡವಾಗುತ್ತಿತ್ತೋ!

ಅದರಲ್ಲಿ 1958ರ ಡಿಪ್ಲೊಮಾವನ್ನು ಗಮನಿಸಿ. ಮಳೆಗಾಲಕ್ಕೆ ಮುಂಚೆ ಮಲೆನಾಡಿನವರು ಹಳ್ಳಕ್ಕೆ ಕಾಲುಸಂಕ ಹಾಕಿಕೊಳ್ಳುತ್ತಾರಲ್ಲ, ಇದು ಹಾಗೆ. ವಿಷಯ ಬದಲಿಸುವವರನ್ನು ವಿಶ್ವವಿದ್ಯಾಲಯ ಕೇಳುವುದು ಒಂದೇ ಪ್ರಶ್ನೆ: ಈ ಆಸೆ ನಿನ್ನೆ ಹುಟ್ಟಿದ್ದೋ, ಬೇರು ಬಿಟ್ಟಿದೆಯೋ? ಎಸ್‌ಒಪಿಯಲ್ಲಿ (ಓದಿನ ಉದ್ದೇಶ ಬರೆದುಕೊಡುವ ಪತ್ರದಲ್ಲಿ) ನೂರು ಸಲ ‘ಪ್ಯಾಷನ್’ ಎಂದು ಬರೆದರೂ ಅದಕ್ಕೆ ಉತ್ತರವಾಗದು. ಹೊಸ ವಿಷಯದಲ್ಲಿ ಪರೀಕ್ಷೆ ಬರೆದು ಪಾಸಾದ ಎರಡು ಎನ್‌ಪಿಟಿಇಎಲ್ ಕೋರ್ಸು, ನಿಮ್ಮೂರ ಕೆರೆಯ ನೀರಿನ ಮಟ್ಟವನ್ನು ಒಂದು ವರ್ಷ ಬಿಡದೆ ಬರೆದಿಟ್ಟ ನೋಟ್‌ಬುಕ್ಕು, ಬೇಸಿಗೆ ರಜೆಯಲ್ಲಿ ಸಂಶೋಧಕರೊಬ್ಬರ ಹಿಂದೆ ತಿರುಗಿದ ಎರಡು ತಿಂಗಳು: ಇವು ಉತ್ತರ. ಒಂದು ಎಚ್ಚರಿಕೆ. ಜರ್ಮನಿಯ ಅನೇಕ ಮಾಸ್ಟರ್ಸ್ ಕೋರ್ಸುಗಳಲ್ಲಿ ಪದವಿಯಲ್ಲಿ ಓದಿದ ವಿಷಯಗಳ ಕ್ರೆಡಿಟ್ಟನ್ನು ಒಂದೊಂದಾಗಿ ಲೆಕ್ಕ ಹಾಕುತ್ತಾರೆ. ಅಲ್ಲಿ ಜಿಗಿತಕ್ಕೆ ಜಾಗ ಕಡಿಮೆ. ಅಮೆರಿಕದಲ್ಲಿ ಈ ಪಟ್ಟು ಸಾಮಾನ್ಯವಾಗಿ ಸಡಿಲ.

ವಯಸ್ಸಾಯಿತು ಎನ್ನುತ್ತೀರಾ? ವೆಂಕಿ ರಾಮಕೃಷ್ಣನ್ 1976ರಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಸ್ಯಾನ್ ಡಿಯಾಗೋದಲ್ಲಿ ಜೀವಶಾಸ್ತ್ರದ ಮೊದಲ ಪಾಠಕ್ಕೆ ಕೂತರು. ಮುಂದೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ ಐವತ್ತರಷ್ಟು ವಿಶ್ವವಿದ್ಯಾಲಯಗಳು ಬೇಡವೆಂದವು. 2009ರಲ್ಲಿ ನೊಬೆಲ್ ಬಂತು. ಅದೂ ರಸಾಯನಶಾಸ್ತ್ರಕ್ಕೆ!

ಇನ್ನು ದುಡ್ಡು. ಗೆಳೆಯರೇ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಗ ‘ಫಾರಿನ್’ ಎಂದ ಮರುದಿನವೇ ಅಪ್ಪ ಮನೆಪತ್ರ ಹುಡುಕುತ್ತಾರೆ. ಯಾಕೆ ಇಷ್ಟು ಅವಸರ? ಅಮೆರಿಕದ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಪಿಎಚ್‌ಡಿಗೆ ಸೇರಿದವರಿಗೆ ಹೆಚ್ಚಿನ ಕಡೆ ಟ್ಯೂಷನ್ ಫೀ ಮಾಫಿ, ಮೇಲೆ ತಿಂಗಳ ಭತ್ಯೆ. ಬದಲಿಗೆ ಪಾಠಕ್ಕೆ ನೆರವಾಗಬೇಕು, ಇಲ್ಲವೇ ಪ್ರಯೋಗಾಲಯದಲ್ಲಿ ದುಡಿಯಬೇಕು. ಬಿ.ಇ. ಮುಗಿಸಿದ ಕೂಡಲೇ ನೇರವಾಗಿ ಅರ್ಜಿ ಹಾಕಬಹುದು. ಎಂಎಸ್‌ಗೆ ಸೇರಿದವನು ಸಾಲಗಾರ, ಅದೇ ಕಟ್ಟಡದಲ್ಲಿ ಪಿಎಚ್‌ಡಿಗೆ ಸೇರಿದವಳು ಸಂಬಳಗಾರ್ತಿ. ಇದನ್ನು ಕನ್ಸಲ್ಟೆನ್ಸಿಯವರು ನಿಮಗೆ ಹೇಳಿದರೇ? ಯುರೋಪಿನ ಎರಡು ಮೂರು ದೇಶಗಳಲ್ಲಿ ಓದಿಸುವ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೋ. ಅದರ ಕೋರ್ಸುಗಳಲ್ಲಿ ಬಹಳಷ್ಟು ಎರಡು ವಿಷಯಗಳ ಗಡಿಯಲ್ಲೇ ಹುಟ್ಟಿದವು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀಯೇ ಇಲ್ಲ, ಆದರೂ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು. ಎರಡು ವರ್ಷ ಕೆಲಸ ಮಾಡಿದವರಿಗೆ ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನವಿದೆ. ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿಗಳಿಗೆ, ಭೂಮಿಯಿಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ನಮ್ಮದೇ ರಾಜ್ಯದ ‘ಪ್ರಬುದ್ಧ’ ಯೋಜನೆಯಿದೆ. ನಿಮ್ಮ ಹೋಬಳಿಯಲ್ಲಿ ಆ ಹೆಸರು ಕೇಳಿದವರು ಎಷ್ಟು ಜನ? ನೀವು ಕೇಳಿದ್ದೀರಿ. ಪಕ್ಕದ ಕೇರಿಯ ಹುಡುಗಿಗೂ ಹೇಳಿ.

ಕೇಳುವುದಕ್ಕೆ ನಾಚಿಕೆಯೇಕೆ? ಬಾಬಾಸಾಹೇಬ್ ಅಂಬೇಡ್ಕರರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ. 1917ರಲ್ಲಿ ಅದರ ಅವಧಿ ತೀರಿತು, ಅಲ್ಲಿಂದ ಹೋಗಿ ಶುರುಮಾಡಿದ್ದ ಲಂಡನ್ನಿನ ಓದು ಅರ್ಧಕ್ಕೇ ನಿಂತಿತು. ಊರಿಗೆ ಬಂದು, ಮುಂಬೈಯಲ್ಲಿ ಪಾಠ ಹೇಳಿ ಕೂಡಿಟ್ಟ ಹಣಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯನ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಹಡಗು ಹತ್ತಿದರು. ಅರ್ಥಶಾಸ್ತ್ರದ ಜೊತೆಗೆ ಕಾನೂನನ್ನೂ ಓದಿ ಬಂದರು. ಆ ಕಾನೂನು ಈ ನೆಲಕ್ಕೆ ಏನಾಗಿ ಒದಗಿತೆಂದು ನಿಮಗೆ ಹೇಳಬೇಕೇ?

ನೆಲ ಈಗಲೂ ಕಾಯುತ್ತಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಗೆ ಮಲೆನಾಡಿನ ಮನೆಗಳು ಇವತ್ತಿಗೂ ಹೆದರುತ್ತವೆ. ಅದು ಬರೀ ವೈದ್ಯರ ಪ್ರಶ್ನೆಯೇ? ಮಂಗನನ್ನು ಬಲ್ಲ ಪ್ರಾಣಿಶಾಸ್ತ್ರಜ್ಞೆ, ಉಣುಗನ್ನು ಬಲ್ಲ ಕೀಟಶಾಸ್ತ್ರಜ್ಞ, ಕಾಡು ಕಡಿದ ಲೆಕ್ಕವನ್ನು ಉಪಗ್ರಹದ ಚಿತ್ರದಲ್ಲಿ ಓದಬಲ್ಲ ಎಂಜಿನಿಯರ್, ದರಗೆಲೆಗೆ ಹೋಗುವ ಹೆಂಗಸಿನ ಜೊತೆ ಕೂತು ಅವಳ ಮಾತು ಕೇಳಬಲ್ಲ ಸಮಾಜವಿಜ್ಞಾನಿ, ಇವರೆಲ್ಲರ ನಡುವೆ ಓಡಾಡಬಲ್ಲ, ಇವರೆಲ್ಲರ ಭಾಷೆಯನ್ನೂ ಅಷ್ಟಷ್ಟು ಬಲ್ಲ ಒಬ್ಬರು ಬೇಕು. ಒಂದೇ ವಿಷಯದೊಳಗೆ ಕೂತವರು ಈ ಕೆಲಸ ಮಾಡಲಾರರು. ವಿಷಯ ದಾಟಿ ಬಂದವರು ಬೇಕು. ನೀವು ಬೇಕು.

ಅಪ್ಪ ನಾಳೆ ಬ್ಯಾಂಕಿಗೆ ಹೊರಟಿದ್ದರೆ ‘ನಾಲ್ಕು ತಿಂಗಳು ತಡೀರಪ್ಪ’ ಎನ್ನಿ. ಅಮೆರಿಕದ ಪಿಎಚ್‌ಡಿ ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರಿನಲ್ಲಿ. ಅರ್ಜಿ ಶುಲ್ಕ ಕಟ್ಟಲಾಗದಿದ್ದರೆ ವಿನಾಯಿತಿ ಕೇಳಿ, ಎಷ್ಟೋ ಕಡೆ ಕೊಡುತ್ತಾರೆ. ನಿಮ್ಮ ಮನಸ್ಸಿನ ವಿಷಯದಲ್ಲಿ ದುಡಿಯುತ್ತಿರುವ ಒಬ್ಬ ಪ್ರೊಫೆಸರರ ಒಂದು ಪ್ರಬಂಧ ಓದಿ. ಅರ್ಥವಾಗದ ಒಂದು ಜಾಗವನ್ನು ಗುರುತು ಹಾಕಿಕೊಳ್ಳಿ. ‘ರೆಸ್ಪೆಕ್ಟೆಡ್ ಸರ್, ನಾನು ಶ್ರಮಜೀವಿ’ ಎಂಬ ಪೀಠಿಕೆ ಬೇಡ. ಆ ಅರ್ಥವಾಗದ ಜಾಗದ ಬಗ್ಗೆಯೇ ಎಂಟು ಸಾಲು ಬರೆದು, ಕೆಳಗೆ ನಿಮ್ಮ ಊರಿನ ಹೆಸರು ಹಾಕಿ, ಇವತ್ತು ರಾತ್ರಿಯೇ ಕಳಿಸಿ. ಮನೆಪತ್ರ ಟ್ರಂಕಿನಲ್ಲೇ ಇರಲಿ.