ಭವಾನಿ ಮಂಟಪದ ಅಂಗಳದಲ್ಲಿ

ನಾನು ಚಿಕ್ಕವನಾಗಿದ್ದಾಗ ನಮ್ಮ ರಾಯಬಾಗ ಸೀಮೆಯ ಹಿರಿಯರ ಬಾಯಲ್ಲಿ ‘ಸರಕಾರ’ ಎಂದರೆ ಮುಂಬಯಿಯೂ ಅಲ್ಲ, ಬೆಂಗಳೂರೂ ಅಲ್ಲ, ಕೊಲ್ಲಾಪುರ. ಅದಕ್ಕೆ ಕಾರಣವಿತ್ತು. ನೆರೆಯ ಚಿಕ್ಕೋಡಿ, ಅಥಣಿ ತಾಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದ ಕಾಲದಲ್ಲಿ ರಾಯಬಾಗ ಕೊಲ್ಲಾಪುರ ಸಂಸ್ಥಾನದ ಒಂದು ಮಹಾಲು. 1949ರ ಮಾರ್ಚ್ 1ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ನಾವು ಬೆಳಗಾವಿ ಜಿಲ್ಲೆಯವರಾದೆವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವರಾದೆವು. ಊರು ಇದ್ದಲ್ಲೇ ಇತ್ತು, ರಾಜಧಾನಿಗಳು ಮಾತ್ರ ಬದಲಾಗುತ್ತ ಹೋದವು.

ಆ ಹಳೆಯ ರಾಜಧಾನಿಯ ನಡುಅಂಗಳವೇ ಭವಾನಿ ಮಂಟಪ. ಕಳೆದ ನವೆಂಬರಿನಲ್ಲಿ ನಾನು ಅಲ್ಲಿಗೆ ಹೋದದ್ದು ಯಾತ್ರಿಕನಾಗಿಯಲ್ಲ, ಒಂದು ಕಾಗದವನ್ನು ಓದಿಸಲಿಕ್ಕೆ. ಅಜ್ಜನ ಟ್ರಂಕಿನ ತಳದಲ್ಲಿ ಸಿಕ್ಕ ಕಾಗದ. 1936ರ ತಾರೀಖು, ಉದ್ದಕ್ಕೂ ಮೋಡಿ ಲಿಪಿ. ಮರಾಠಿ ನನಗೆ ಬರುತ್ತದೆ, ನಮ್ಮ ಸೀಮೆಯಲ್ಲಿ ಯಾರಿಗೆ ಬರುವುದಿಲ್ಲ? ಆದರೆ ಕೈ ಎತ್ತದೆ ಬರೆದ ಆ ಲಿಪಿ ನನ್ನ ಪಾಲಿಗೆ ಇರುವೆಯ ಸಾಲು. ಇಡೀ ಹಾಳೆಯಲ್ಲಿ ನಾನು ಓದಬಲ್ಲದ್ದು ಕೊನೆಯ ಒಂದು ಸಾಲನ್ನಷ್ಟೇ. ಅದು ಕನ್ನಡದಲ್ಲಿ, ಓರೆಕೋರೆಯಾಗಿ ಮಾಡಿದ ಅಜ್ಜನ ರುಜು.

ಚಿಕ್ಕೋಡಿ, ನಿಪ್ಪಾಣಿ ದಾಟಿ ಬಸ್ಸು ಹೆದ್ದಾರಿಗೆ ಬಿದ್ದಿತು. ಕಬ್ಬಿನ ಹಂಗಾಮು, ಟ್ರ್ಯಾಕ್ಟರುಗಳು ದಾರಿ ಬಿಡುತ್ತಿರಲಿಲ್ಲ. ಕಾಗಲ ಬಂದಿತು. ಶಾಹೂ ಮಹಾರಾಜರು ಹುಟ್ಟಿದ್ದು ಈ ಕಾಗಲದ ಘಾಟಗೆ ಮನೆತನದಲ್ಲಿ. ದತ್ತಕರಾಗಿ ಕೊಲ್ಲಾಪುರದ ಗಾದಿಗೆ ಬಂದು 1894ರಿಂದ 1922ರವರೆಗೆ ಆಳಿದರು.

ಕರಿಗಲ್ಲಿನ ಎತ್ತರದ ನಗಾರಖಾನೆಯ ಬಾಗಿಲನ್ನು ಹಾಯ್ದರೆ ಅಂಗಳ. ಎದುರಿಗೆ ಹಳೆಯ ಅರಮನೆ, ಅದರಲ್ಲಿ ಛತ್ರಪತಿಗಳ ಕುಲದೇವತೆ ತುಳಜಾಭವಾನಿ. ಬದಿಗೆ ರಾಜಾರಾಮ ಹೈಸ್ಕೂಲು. ಕೂಗಳತೆಯಲ್ಲಿ ಮಹಾಲಕ್ಷ್ಮಿಯ ಗುಡಿ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನವೂ ಇಲ್ಲಿಂದ ದೂರವಿಲ್ಲ. ಅದರ ಮಗ್ಗುಲಲ್ಲೇ ಅವರು ಕಟ್ಟಿಸಿದ ನಾಟಕಗೃಹ, ಮುಂದೆ ನಟ ಕೇಶವರಾವ್ ಭೋಸಲೆಯವರ ಹೆಸರು ಪಡೆದದ್ದು, 2024ರ ಆಗಸ್ಟಿನಲ್ಲಿ ಬೆಂಕಿಗೆ ತುತ್ತಾಯಿತು. ಸನಿಯದ ಬೀದಿಯಲ್ಲಿ ಚಪ್ಪಲಿಯ ಅಂಗಡಿಗಳ ಸಾಲು. ‘ಅಸಲಿ ಕೊಲ್ಲಾಪುರಿ’ ಎಂದು ಅಂಗಡಿಯವನು ಜೋಡೊಂದನ್ನು ಮುಂದೆ ಹಿಡಿದಾಗ ನನಗೆ ನಗು ಬಂದಿತು. ಅಂಥವನ್ನು ನಮ್ಮ ಅಥಣಿ, ನಿಪ್ಪಾಣಿಗಳಲ್ಲಿಯೂ ಮಾಡುತ್ತಾರೆ. ಭೌಗೋಳಿಕ ಸೂಚಿಯ ನೋಂದಣಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರೂ ಇದೆ. ಅದರಲ್ಲಿ ಬೆಳಗಾವಿಯೂ ಒಂದು.

ಕನ್ನಡಿಗನಿಗೆ ಈ ಊರು ಪರಸ್ಥಳವೆನಿಸಬೇಕಾಗಿಲ್ಲ. ಕೊಲ್ಲಾಪುರದ ಶಿಲಾಹಾರ ಅರಸರು ತಮ್ಮ ಶಾಸನಗಳನ್ನು ಸಂಸ್ಕೃತದಲ್ಲಿ ಬರೆಸಿದಂತೆ ಕನ್ನಡದಲ್ಲಿಯೂ ಬರೆಸಿದರು. ಹನ್ನೆರಡನೆಯ ಶತಮಾನದಲ್ಲಿ ‘ನೇಮಿನಾಥಪುರಾಣ’ವನ್ನು ಬರೆದ ಕರ್ಣಪಾರ್ಯನಿಗೆ ಆಶ್ರಯ ದೊರೆತದ್ದು ಶಿಲಾಹಾರ ವಿಜಯಾದಿತ್ಯನ ಕಾಲದಲ್ಲಿ. ಆದರೆ ಪಂಡಿತರ ಈ ಸಾಕ್ಷ್ಯಗಳಿಗಿಂತ ನನ್ನನ್ನು ಹೆಚ್ಚು ತಟ್ಟುವುದು 1902ರ ಜುಲೈ 26ರ ಆಜ್ಞೆ. ಹಿಂದುಳಿದ ಜಾತಿಗಳಿಗೆ ಸಂಸ್ಥಾನದ ತೆರವಾದ ನೌಕರಿಗಳಲ್ಲಿ ನೂರಕ್ಕೆ ಐವತ್ತನ್ನು ಕಾದಿಡಬೇಕೆಂದು ಶಾಹೂ ಮಹಾರಾಜರು ಹೊರಡಿಸಿದ ಆಜ್ಞೆ ಅದು. ಆ ಮಾತು ರಾಯಬಾಗದ ಕನ್ನಡ ರೈತನ ಮಗನಿಗೂ ಸಲ್ಲುತ್ತಿತ್ತು. ಪಕ್ಕದ ಚಿಕ್ಕೋಡಿಯವನಿಗೆ ಸಲ್ಲುತ್ತಿರಲಿಲ್ಲ. ಜೈನರಿಗೆ, ಲಿಂಗಾಯತರಿಗೆ ಅವರ ಕಾಲದಲ್ಲಿ ಎದ್ದ ವಿದ್ಯಾರ್ಥಿನಿಲಯಗಳಲ್ಲಿ ನಮ್ಮ ಕಡೆಯ ಹುಡುಗರೂ ಉಂಡು ಓದಿದರು.

ಮೋಡಿ ಬಲ್ಲವರೊಬ್ಬರು ಅಂಗಳದಲ್ಲಿಯೇ ಭೆಟ್ಟಿಯಾಗುತ್ತೇನೆಂದು ಹೇಳಿಕಳಿಸಿದ್ದರು. ನಿವೃತ್ತ ಶಿಕ್ಷಕರು, ನನಗಿಂತ ಹಿರಿಯರು. “ಬರ್ರಿ ಪಾವ್ಣೇರ, ಕೂಡ್ರಿ” ಎಂದು ತಮಗೆ ಬರುವಷ್ಟು ಕನ್ನಡದಲ್ಲಿ ಕರೆದು ಮರದ ನೆರಳಿನ ಕಟ್ಟೆಯ ಮೇಲೆ ಕೂಡಿಸಿದರು. ಕನ್ನಡಕ ಏರಿಸಿ, ಬೆರಳು ಆಡಿಸುತ್ತ ನಿಧಾನವಾಗಿ ಓದತೊಡಗಿದರು.

ಅದು ತಗಾವಿ ಸಾಲಕ್ಕಾಗಿ ಮಾಯಬಾಪ ಸರಕಾರಕ್ಕೆ ಬರೆಸಿದ ಅರ್ಜಿಯ ನಕಲು. ಮಳೆ ತಪ್ಪಿದೆ, ಬಾವಿ ನಾಲ್ಕು ಆಳು ತೋಡಿದ್ದಾಗಿದೆ, ಬಂಡೆ ಬಂದು ನಿಂತಿದೆ, ಮದ್ದು ಹಾರಿಸಲು ಹಣವಿಲ್ಲ. ಅಜ್ಜ ಕನ್ನಡದಲ್ಲಿ ಹೇಳಿದ್ದು, ಬರೆಯುವವನು ಮರಾಠಿಗೆ ತಿರುಗಿಸಿದ್ದು. ಮಾತು ಬೇರೆಯಾದರೂ ಅಜ್ಜನ ದನಿ ನನಗೆ ಕೇಳಿಸುತ್ತಿತ್ತು. ಆಮೇಲೆ ಒಂದು ಸಾಲಿನಲ್ಲಿ ಗುರುಗಳು ತಡೆದರು. ಎರಡು ಸಲ ಓದಿ, ನನ್ನ ಮುಖ ನೋಡಿ ಹೇಳಿದರು: “ಹೆಂಡತಿಯ ಬುಗುಡಿಗಳನ್ನು ಒತ್ತೆಯಿಟ್ಟದ್ದಾಗಿದೆ, ಮನೆಯಲ್ಲಿ ಇನ್ನೇನೂ ಉಳಿದಿಲ್ಲ ಎಂದಿದೆ.”

ನಾನು ಮಾತನಾಡಲಿಲ್ಲ. ನಮ್ಮ ಅಜ್ಜಿಯ ಕಿವಿಗಳು ಬರಿದಾಗಿದ್ದವು. ಬುಗುಡಿಯ ತೂತುಗಳು ಮಾತ್ರ ಇದ್ದವು. ಹುಡುಗನಾಗಿದ್ದಾಗ ತೊಡೆಯ ಮೇಲೆ ಕುಳಿತು ಆ ತೂತುಗಳನ್ನು ಮುಟ್ಟಿ, “ಬುಗುಡಿ ಎಲ್ಲಿ ಹೋದವು ಆಯಿ?” ಎಂದು ಕೇಳುತ್ತಿದ್ದೆ. “ಕೊಲ್ಲಾಪುರದ ಅವ್ವಗ ಹರಕಿ ಕೊಟ್ಟೇನಪ್ಪಾ” ಎನ್ನುತ್ತಿದ್ದಳು. ಮನೆಯಲ್ಲಿ ಎಲ್ಲರೂ ಹಾಗೆಯೇ ನಂಬಿದ್ದೆವು. ಆಕೆಯ ಭಕ್ತಿಯನ್ನು ನೆಂಟರಿಷ್ಟರಲ್ಲಿ ಹೊಗಳಿಯೂ ಇದ್ದೆವು.

ಬಾವಿ ಈಗಲೂ ಇದೆ. ಅದರ ನೀರಿನಲ್ಲಿ ನನ್ನ ತಂದೆ ಕಬ್ಬು ಬೆಳೆದು ನನ್ನನ್ನು ಓದಿಸಿದರು.

ಗುರುಗಳು ಕಾಗದವನ್ನು ಮಡಿಚಿ ಕೊಟ್ಟರು. ನಾನು ಕೊಡಹೋದ ದಕ್ಷಿಣೆಯನ್ನು ಮುಟ್ಟಲಿಲ್ಲ. ಒಂದು ಚಹಾ ಮಾತ್ರ ಕುಡಿದರು. ಅಂದು ಕಿರಣೋತ್ಸವದ ದಿನ. ವರ್ಷದಲ್ಲಿ ಎರಡು ಸಲ, ನವೆಂಬರಿನಲ್ಲೊಮ್ಮೆ, ಜನವರಿಯ ಕೊನೆಗೊಮ್ಮೆ, ಮುಳುಗುವ ಸೂರ್ಯನ ಕಿರಣ ಪಡುವಣ ಮಹಾದ್ವಾರದಿಂದ ಒಳಹೊಕ್ಕು ದೇವಿಯನ್ನು ಮುಟ್ಟುತ್ತದೆ. ಗುಡಿಯ ಸುತ್ತ ಕಾಲಿಡಲು ಸ್ಥಳವಿರಲಿಲ್ಲ. ಮುಖದರ್ಶನದ ಸಾಲಿನಲ್ಲಿ ನಿಂತೆ. ತಳ್ಳಾಟದಲ್ಲಿ ಒಂದು ಗಳಿಗೆ ದೂರದಿಂದ ಅವ್ವನ ಮುಖ ಕಂಡಿತು. ಕಿವಿಯಲ್ಲಿ ಏನಿದೆಯೆಂದು ನೋಡುವಷ್ಟರಲ್ಲಿ ಹಿಂದಿನವರು ಮುಂದೆ ನೂಕಿದರು.

ನಿಪ್ಪಾಣಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸ್ಥಳ ಸಿಕ್ಕಿತು. ಕಾಗದವನ್ನು ಅಂಗಿಯ ಒಳಕಿಸೆಯಲ್ಲಿಟ್ಟು, ಅದು ಅಲ್ಲಿಯೇ ಇದೆಯೇ ಎಂದು ಕಾಗಲದವರೆಗೂ ಮುಟ್ಟಿ ನೋಡಿಕೊಳ್ಳುತ್ತಿದ್ದೆ.