ಗಜನಿಯ ನೀರು, ಸಿಗಡಿಯ ಉಸಿರು



ಅಘನಾಶಿನಿಯ ಅಳಿವೆಯಂಚಿನ ಗಜನಿಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಅದರ ಕೊಯ್ಲಿನ ಬಳಿಕ ಸಿಗಡಿ ಎಂಬುದು ಹಳೆಯ ಪದ್ಧತಿ. 1990ರ ದಶಕದಲ್ಲಿ ಅನೇಕ ಗಜನಿಗಳು ಸಿಗಡಿ ಕೊಳಗಳಾದವು. ಕೊಳದ ಸಿಗಡಿ ಒಮ್ಮೆಲೇ ಸತ್ತರೆ ರೋಗವನ್ನು ದೂರುವುದು ರೂಢಿ. ಬಿಳಿಚುಕ್ಕೆ ರೋಗದ ಹಾವಳಿ ಸುಳ್ಳಲ್ಲ. ಆದರೆ ಬೆಳಗಿನ ಜಾವದ ಸಾವಿಗೆ ಉಸಿರುಗಟ್ಟುವಿಕೆಯೂ ಕಾರಣವಾಗಿರಬಹುದು. ಒಂದು ಕುಟುಂಬದ ವರ್ಷದ ದುಡಿಮೆ ಹಾಗೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ.

ಹಗಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಪಾಚಿ, ಸಿಗಡಿ, ತಳದಲ್ಲಿ ಕೊಳೆಯುವ ಮೇವು ಎಲ್ಲವೂ ಅದನ್ನು ಬಳಸುತ್ತವೆ. ಲೀಟರಿಗೆ 4 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಕ್ಷೇಮ. 1ಕ್ಕಿಂತ ಕೆಳಗಿಳಿದರೆ ಪ್ರಾಣಾಪಾಯ ಎಂಬುದು ಸಾಮಾನ್ಯ ಲೆಕ್ಕ. ಆದರೆ ಈ ಲೆಕ್ಕ ಎಲ್ಲ ನೀರಿಗೂ ಒಂದೇ ಅಲ್ಲ.

ಮೊದಲನೆಯದು ಉಷ್ಣತೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯಲ್ಲಿ ಸುಮಾರು 7.5, ಅದೇ ಉಷ್ಣತೆಯ ಸಮುದ್ರದ ನೀರು ಸುಮಾರು 6.2 ಮಾತ್ರ. ನೀರು ಕಾದಷ್ಟೂ ಸಿಗಡಿಯ ಬೇಡಿಕೆ ಹೆಚ್ಚುತ್ತದೆ, ಪೂರೈಕೆ ತಗ್ಗುತ್ತದೆ.

ಎರಡನೆಯದು ಉಪ್ಪು. ಈಗ ಹೆಚ್ಚಾಗಿ ಸಾಕುವ ವನ್ನಾಮಿ ಸಿಗಡಿಯ ದೇಹದ್ರವ, ಸಾವಿರಕ್ಕೆ ಸುಮಾರು 25 ಪಾಲು ಲವಣವಿರುವ ನೀರಿಗೆ ಸಮತೂಕದಲ್ಲಿರುತ್ತದೆ. ಉಪ್ಪು ತೀರ ಇಳಿದರೆ ದೇಹದ ಲವಣ ಉಳಿಸಿಕೊಳ್ಳುವುದಕ್ಕೇ ಶಕ್ತಿ ವ್ಯಯವಾಗಿ, ಆಮ್ಲಜನಕದ ಕೊರತೆಯನ್ನು ತಾಳುವ ಬಲ ಕುಂದುತ್ತದೆ. ದೊಡ್ಡ ಮಳೆ ಬಿದ್ದಾಗ ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ಹಾಸಿಕೊಳ್ಳುತ್ತದೆ; ಮೇಲ್ಪದರದ ಆಮ್ಲಜನಕ ಸಿಗಡಿ ವಾಸಿಸುವ ತಳಕ್ಕೆ ಇಳಿಯುವುದಿಲ್ಲ.

ಮೂರನೆಯದು ಕೊಳೆ. ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರವುಳ್ಳ ಹಿಮೋಸಯಾನಿನ್. ಉಳಿದ ಮೇವಿನಿಂದಲೂ ಮಲದಿಂದಲೂ ಹುಟ್ಟುವ ನೈಟ್ರೈಟ್ ಈ ಹೊರುವಿಕೆಯನ್ನು ಕೆಡಿಸುತ್ತದೆ. ಉಪ್ಪುನೀರಿನ ಕ್ಲೋರೈಡ್, ಕಿವಿರುಗಳ ಮೂಲಕ ನೈಟ್ರೈಟ್ ಒಳಸೇರದಂತೆ ತಡೆಯುತ್ತದೆ. ನೀರು ಸಪ್ಪೆಯಾದರೆ ಆ ರಕ್ಷಣೆಯೂ ಇಲ್ಲ. ಪೊರೆ ಕಳಚುವ ವೇಳೆಯಲ್ಲಂತೂ ಸಿಗಡಿ ತೀರ ದುರ್ಬಲ.

ಆದ್ದರಿಂದ ನಡುಹಗಲಿನ ಮೇಲ್ನೀರನ್ನು ಅಳೆದು ನೆಮ್ಮದಿಪಡುವುದು ಸಲ್ಲದು. ಅಳೆಯಬೇಕಾದುದು ಸೂರ್ಯೋದಯಕ್ಕೆ ಮುಂಚಿನ ತಳದ ನೀರನ್ನು. ಮರಿಗಳನ್ನು ವಿರಳವಾಗಿ ಬಿಡುವುದು, ಮೋಡ ಕವಿದ ದಿನ ಮೇವು ತಗ್ಗಿಸುವುದು, ಮಳೆಯ ಮೇಲ್ನೀರನ್ನು ತೂಬಿನಿಂದ ಹೊರಬಿಡುವುದು, ರಾತ್ರಿ ಗಾಳಿಯಂತ್ರ ನಡೆಸುವುದು ಅಗತ್ಯ.

ಅಘನಾಶಿನಿಯ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಆ ಅಳಿವೆಯ ಉಪ್ಪಿನ ಹದವನ್ನು ನಿರ್ಧರಿಸುವುದು ಸಮುದ್ರದ ಉಬ್ಬರವೊಂದೇ ಅಲ್ಲ, ಘಟ್ಟದಿಂದಿಳಿಯುವ ಹೊಳೆಯೂ ಹೌದು. ಮೇಲೆ ಕಾಡು ಬೋಳಾದರೆ ಮಳೆನೀರು ಇಂಗದೆ ಒಮ್ಮೆಲೇ ಕೆಳಗೆ ಧುಮುಕುತ್ತದೆ. ಗಜನಿಯ ಸಿಗಡಿಯ ಉಸಿರಿನ ಲೆಕ್ಕವನ್ನು ಘಟ್ಟದ ಮೇಲಿನವರೂ ಕೆಳಗಿನವರೂ ಕೂಡಿಯೇ ಇಡಬೇಕಾಗಿದೆ.